ಅಕ್ಕ ಹಿಂದೆ, ತಮ್ಮ ಮುಂದೆ: ಬ್ರಿಟನ್ ಪಟ್ಟದ ಸರದಿ

ಪ್ರಶ್ನೆ: ಎಲಿಜಬೆತ್ ರಾಣಿಯ ಎರಡನೇ ಮಗು ಆನ್. ಆದರೂ ಪಟ್ಟದ ಸಾಲಿನಲ್ಲಿ ಅವರು ತಮಗಿಂತ ಸುಮಾರು 14 ವರ್ಷ ಚಿಕ್ಕವರಾದ ತಮ್ಮ ಎಡ್ವರ್ಡ್‌ಗಿಂತ ಹಿಂದೆ. ತಾಯಿ 70 ವರ್ಷ ಆಳಿದ ದೇಶದಲ್ಲಿ ಹೀಗ್ಯಾಕೆ? ಈ ಕಾನೂನು ಬದಲಾಯ್ತು ಅಂತ ಓದಿದ್ದೆ, ಅಲ್ವಾ?

ಉತ್ತರ: ಬದಲಾಗಿದ್ದು ನಿಜ. ಆದರೆ ಆನ್‌ಗೆ ಅದರಿಂದ ಏನೂ ದಕ್ಕಲಿಲ್ಲ.

ಹಳೆಯ ಲೆಕ್ಕದಲ್ಲಿ ಮೊದಲು ಗಂಡುಮಕ್ಕಳು, ವಯಸ್ಸಿನ ಪ್ರಕಾರ. ಅವರೂ ಅವರ ಮಕ್ಕಳೂ ಮುಗಿದ ಮೇಲೆ ಹೆಣ್ಣುಮಕ್ಕಳ ಸರದಿ. ಎಲಿಜಬೆತ್‌ಗೆ ಪಟ್ಟ ಸಿಕ್ಕಿದ್ದು ಅಣ್ಣತಮ್ಮಂದಿರು ಇರಲಿಲ್ಲ ಅನ್ನೋ ಒಂದೇ ಕಾರಣಕ್ಕೆ. 1936ರಲ್ಲಿ ಅಪ್ಪ ಆರನೇ ಜಾರ್ಜ್ ರಾಜನಾದಾಗ ಅವರಿಗೆ 10 ವರ್ಷ. ಆಮೇಲೆ ಒಬ್ಬ ತಮ್ಮ ಹುಟ್ಟಿದ್ದರೆ ತೊಟ್ಟಿಲಲ್ಲಿದ್ದ ಆ ಕೂಸೇ ಮುಂದಿನ ರಾಜ!

ವಿಕ್ಟೋರಿಯಾಳ ಕಥೆ ಇನ್ನೂ ಮಜವಾಗಿದೆ. 1837ರಲ್ಲಿ ದೊಡ್ಡಪ್ಪ ನಾಲ್ಕನೇ ವಿಲಿಯಂ ತೀರಿಕೊಂಡ. ಅವಳನ್ನು ರಾಣಿ ಅಂತ ಸಾರಿದ ಘೋಷಣೆಯಲ್ಲೇ ಒಂದು ಷರಾ ಸೇರಿಸಿದ್ದರು: ತೀರಿಹೋದ ರಾಜನಿಗೆ ಅವನ ಹೆಂಡತಿಯಿಂದ ಇನ್ನು ಮಗು ಹುಟ್ಟಿದರೆ ಅದರ ಹಕ್ಕಿಗೆ ಧಕ್ಕೆ ಇಲ್ಲ. ವಿಧವೆ ಅಡಿಲೇಡ್‌ಗೆ ಆಗ 44. ಆಕೆ ಬಸುರಿ ಆಗಿದ್ದಿದ್ದರೆ, ಹೆಣ್ಣೋ ಗಂಡೋ, ಆ ಮಗುವಿಗೆ ವಿಕ್ಟೋರಿಯಾ ಜಾಗ ಬಿಡಬೇಕಿತ್ತು. ಅದೇ ವರ್ಷ ಜರ್ಮನಿಯ ಹನೋವರ್ ಕೈತಪ್ಪಿತು. ಇಂಗ್ಲೆಂಡಿನ ರಾಜನೇ ಅಲ್ಲಿಗೂ ರಾಜನಾಗಿದ್ದ. ಆದರೆ ಅಲ್ಲಿ ವಂಶದಲ್ಲಿ ಗಂಡಸರು ಇರುವ ತನಕ ಹೆಂಗಸಿಗೆ ಪಟ್ಟವಿಲ್ಲ. ಅದು ಅವಳ ಚಿಕ್ಕಪ್ಪ ಅರ್ನೆಸ್ಟ್ ಆಗಸ್ಟಸ್ ಪಾಲಾಯಿತು.

ಇನ್ನು ನೀವು ಓದಿದ ಬದಲಾವಣೆ. 2011ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ಆಗ ಒಬ್ಬರೇ ರಾಣಿಯಿದ್ದ 16 ದೇಶಗಳು ಮಾತಾಡಿಕೊಂಡವು. ಬ್ರಿಟನ್ 2013ರಲ್ಲಿ ಕಾಯ್ದೆ ಮಾಡಿತು, ಅದು ಜಾರಿಗೆ ಬಂದದ್ದು 2015ರ ಮಾರ್ಚ್ 26ಕ್ಕೆ. ಗಂಡು, ಹೆಣ್ಣು ಭೇದ ಹೋಯಿತು. ಆದರೆ 2011ರ ಅಕ್ಟೋಬರ್ 28ರ ನಂತರ ಹುಟ್ಟಿದವರಿಗೆ ಮಾತ್ರ! ಹಾಗಾಗಿ 2015ರಲ್ಲಿ ಹುಟ್ಟಿದ ಚಾರ್ಲಟ್ (ಎಲಿಜಬೆತ್ ಮೊಮ್ಮಗ ವಿಲಿಯಂನ ಮಗಳು) ತಮ್ಮ ಲೂಯಿಗಿಂತ ಮುಂದೆ. ಆದರೆ ಎಡ್ವರ್ಡ್ ಮನೆಯಲ್ಲಿ 2003ರಲ್ಲಿ ಹುಟ್ಟಿದ ಮಗಳು ಲೂಯಿಸ್ ಇವತ್ತಿಗೂ 2007ರ ತಮ್ಮ ಜೇಮ್ಸ್‌ನ ಹಿಂದೆ. ಇವರೆಲ್ಲ ಆದ ಮೇಲೆ ಆನ್. ಹಳಬರ ಸಾಲು ಕಲಕಬಾರದು ಅಂತ ಹೀಗೆ ಮಾಡಿದರು. ನನಗೇನೋ ಇದು ಅರ್ಧ ನ್ಯಾಯ ಅನ್ನಿಸುತ್ತದೆ.

ಪ್ರಶ್ನೆ: ಕ್ಯಾಥೊಲಿಕರು ಅಲ್ಲಿ ರಾಜರಾಗುವಂತಿಲ್ಲವಂತೆ. ಇದು ಈಗಲೂ ಇದೆಯಾ?

ಉತ್ತರ: ಇದೆ. 1688ರಲ್ಲಿ ಕ್ಯಾಥೊಲಿಕ್ ರಾಜ ಎರಡನೇ ಜೇಮ್ಸ್ ದೇಶ ಬಿಟ್ಟು ಓಡಿದ. ಮರುವರ್ಷವೇ ಪಾರ್ಲಿಮೆಂಟ್ ಕ್ಯಾಥೊಲಿಕರಿಗೆ ಬಾಗಿಲು ಹಾಕಿತು. ಅವನ ಕಿರಿಯ ಮಗಳು ಆನ್ (ನಿಮ್ಮ ಆನ್ ಅಲ್ಲ, ಆಮೇಲೆ ರಾಣಿಯಾದವಳು) ಪ್ರೊಟೆಸ್ಟೆಂಟ್. ಅವಳಿಗೆ ಉಳಿದಿದ್ದ ಒಬ್ಬನೇ ಮಗ 1700ರಲ್ಲಿ, 11ನೇ ವಯಸ್ಸಿಗೆ ಹೋಗಿಬಿಟ್ಟ. ಮುಂದೆ ಯಾರು? ರಕ್ತಸಂಬಂಧದ ಲೆಕ್ಕದಲ್ಲಿ ಮುಂದಿದ್ದ 50ಕ್ಕೂ ಜಾಸ್ತಿ ಕ್ಯಾಥೊಲಿಕರನ್ನು ಪಕ್ಕಕ್ಕಿಟ್ಟು, 1701ರಲ್ಲಿ ಪಾರ್ಲಿಮೆಂಟ್ ಹನೋವರ್‌ನ ಸೋಫಿಯಾಳನ್ನು ಹಿಡಿಯಿತು. ಒಂದನೇ ಜೇಮ್ಸ್‌ನ ಮೊಮ್ಮಗಳು, ಆಗಲೇ 70 ವರ್ಷದ ಮುದುಕಿ.

ಪಾಪ, ಆಕೆಗೂ ಪಟ್ಟ ಸಿಗಲಿಲ್ಲ. 1714ರ ಜೂನ್ 8ರಂದು ಹೆರೆನ್‌ಹೌಸೆನ್ ಅರಮನೆಯ ತೋಟದಲ್ಲಿ ಓಡಾಡುವಾಗ ಮಳೆ ಬಂತು. ಮರೆಗೆ ಓಡುವಾಗ ಕುಸಿದು ತೀರಿಕೊಂಡಳು. ಆನ್ ರಾಣಿ ಹೋದದ್ದು ಆಗಸ್ಟ್ 1ಕ್ಕೆ. ಎರಡು ತಿಂಗಳೂ ಇಲ್ಲ! ಮಗ ಒಂದನೇ ಜಾರ್ಜ್ ರಾಜನಾದ.

ಪಾರ್ಲಿಮೆಂಟ್ 1701ರಲ್ಲಿ ಮಾಡಿದ ಆ ಕಾಯ್ದೆ ಇವತ್ತಿಗೂ ಬದುಕಿದೆ. ಪಟ್ಟಕ್ಕೆ ಬರುವವರು ಸೋಫಿಯಾಳ ಸಂತತಿಯಾಗಿರಬೇಕು, ಪ್ರೊಟೆಸ್ಟೆಂಟ್ ಆಗಿರಬೇಕು. ಕ್ಯಾಥೊಲಿಕರನ್ನು ಮದುವೆಯಾದರೂ ಸಾಲಿನಿಂದ ಹೊರಗೆ ಅನ್ನುವುದನ್ನು ಮಾತ್ರ 2015ರಲ್ಲಿ ತೆಗೆದರು. 1978ರಲ್ಲಿ ಹಾಗೆ ಮದುವೆಯಾಗಿ ಜಾಗ ಕಳಕೊಂಡಿದ್ದ ಕೆಂಟ್‌ನ ರಾಜಕುಮಾರ ಮೈಕೆಲ್‌ಗೆ 37 ವರ್ಷದ ಮೇಲೆ ಸಾಲಿನಲ್ಲಿ ಮತ್ತೆ ಜಾಗ ಸಿಕ್ಕಿತು, ಅದೂ ತುಂಬಾ ಕೆಳಗೆ.