ಆಸ್ಟ್ರಿಯಾ ಕಾರ್ ಟ್ರಿಪ್: ಒಂದೇ ಊರಲ್ಲಿ ಉಳಿಯುವುದಾದರೆ ಯಾವ ಊರು?

ಸೆಪ್ಟೆಂಬರ್‌ನಲ್ಲಿ ಎಂಟು ದಿನ, ಜೊತೆಗೆ ಅಪ್ಪ ಅಮ್ಮ, ಐದು ವರ್ಷದ ಮಗಳು. ಮ್ಯೂನಿಕ್‌ನಲ್ಲಿ ಇಳಿದು ಕಾರು ಬಾಡಿಗೆಗೆ ತಗೊಂಡು, ದಿನಾ ಲಗೇಜ್ ಕಟ್ಟುವ ರಗಳೆ ಇಲ್ಲದೆ ಒಂದೇ ಊರಿಂದ ಸಾಲ್ಜ್‌ಬರ್ಗ್, ಹಾಲ್‌ಸ್ಟಾಟ್, ಗ್ರಾಸ್‌ಗ್ಲಾಕ್ನರ್, ಇನ್ಸ್‌ಬ್ರುಕ್, ವಿಯೆನ್ನಾ ಎಲ್ಲ ನೋಡಬಹುದಾ, ಅದಕ್ಕೆ ಸಾಲ್ಜ್‌ಬರ್ಗ್ ಸರಿಯಾ ಅಂತ ಕೇಳಿದ್ದೀರಿ.

ನಾನಿರುವುದು ಮ್ಯೂನಿಕ್‌ನಲ್ಲಿ. ಊರಿಂದ ಬಂದ ಅಪ್ಪ ಅಮ್ಮ, ಅತ್ತೆ ಮಾವ, ಸ್ನೇಹಿತರು ಎಲ್ಲರನ್ನೂ ಆ ಕಡೆ ಕರೆದುಕೊಂಡು ಹೋಗಿದ್ದೇನೆ. ನಿಮಗೆ ನಾನು ಹೇಳುವ ಊರು ಸಾಲ್ಜ್‌ಬರ್ಗ್ ಅಲ್ಲ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 60 ಕಿ.ಮೀ. ದೂರದ ಸಾಂಕ್ಟ್ ಯೋಹಾನ್ ಇಮ್ ಪೋಂಗಾವ್.

ಯಾಕೆ ಅಂದರೆ, ಆಲ್ಪ್ಸ್‌ನಲ್ಲಿ ಮ್ಯಾಪ್ ಮೇಲಿನ ದೂರ ನೋಡಿ ಊರು ಆರಿಸಿದರೆ ಲೆಕ್ಕ ತಪ್ಪುತ್ತದೆ. ಅಲ್ಲಿ ರಸ್ತೆಗಳು ಕಣಿವೆ ಹಿಡಿದು ಹೋಗುತ್ತವೆ. ಎರಡು ಊರುಗಳ ನಡುವೆ ಒಂದೇ ಒಂದು ಬೆಟ್ಟ ಇದ್ದರೂ ಸುತ್ತು ಹಾಕಿಕೊಂಡು ಹೋಗಲು ಎರಡು ಗಂಟೆ ಬೇಕಾಗಬಹುದು. ಹಾಗಾಗಿ ಉಳಿಯುವ ಊರು ಕಣಿವೆಗಳು ಕೂಡುವ ಜಾಗದಲ್ಲಿರಬೇಕು. ಈ ಊರು ಹಾಗಿದೆ. ಉತ್ತರಕ್ಕೆ ಎ10 ಹೆದ್ದಾರಿ ಹಿಡಿದರೆ ಮುಕ್ಕಾಲು ಗಂಟೆ, ಒಂದು ಗಂಟೆಯಲ್ಲಿ ಸಾಲ್ಜ್‌ಬರ್ಗ್. ಪಶ್ಚಿಮಕ್ಕೆ ಸಾಲ್ಜಾಕ್ ನದಿಯ ಪಕ್ಕದ ರಸ್ತೆಯಲ್ಲೇ ಹೋದರೆ ಝೆಲ್ ಆಮ್ ಸೀ ಸರೋವರ, ಅದಕ್ಕೆ ಸ್ವಲ್ಪ ಮೊದಲು ಗ್ರಾಸ್‌ಗ್ಲಾಕ್ನರ್‌ಗೆ ತಿರುಗುವ ಬ್ರುಕ್. ಈಶಾನ್ಯಕ್ಕೆ ಆನಾಬೆರ್ಗ್, ಗೋಸಾವ್ ಮೇಲೆ ಹಾದು ಹಾಲ್‌ಸ್ಟಾಟ್, ಒಂದು ಗಂಟೆಗೆ ಸ್ವಲ್ಪ ಜಾಸ್ತಿ.

ಝೆಲ್ ಆಮ್ ಸೀ ಚೆಂದದ ಊರು, ತುಂಬ ಜನ ಅದನ್ನೇ ಹೇಳುತ್ತಾರೆ. ಬೆಟ್ಟ ಮಾತ್ರ ನೋಡಬೇಕು ಅನ್ನುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅಲ್ಲಿಂದ ಹಾಲ್‌ಸ್ಟಾಟ್‌ಗೆ ಹೋಗಿ ಬರುವಷ್ಟರಲ್ಲಿ ಮಗುವಿಗೂ ನಿಮ್ಮ ತಂದೆಯವರಿಗೂ ಸಾಕಾಗುತ್ತದೆ. ಸಾಲ್ಜ್‌ಬರ್ಗ್‌ನಲ್ಲಿ ಉಳಿದರೆ ರೂಮೂ ದುಬಾರಿ, ಪಾರ್ಕಿಂಗೂ ದುಬಾರಿ, ದಿನಾ ಬೆಳಗ್ಗೆ ಸಿಟಿ ಟ್ರಾಫಿಕ್ ದಾಟಿಯೇ ಹೊರಡಬೇಕು.

ಬುಕ್ ಮಾಡುವಾಗ ಒಂದು ಎಚ್ಚರ. ಟಿರೋಲ್‌ನಲ್ಲಿ, ಕಿಟ್ಸ್‌ಬ್ಯೂಲ್ ಹತ್ತಿರ, ಇನ್ನೊಂದು ಸಾಂಕ್ಟ್ ಯೋಹಾನ್ ಇದೆ. ನಿಮಗೆ ಬೇಕಾದದ್ದು ಪೋಂಗಾವ್‌ನದು. ವಿಳಾಸದಲ್ಲಿ ಸಾಲ್ಜ್‌ಬರ್ಗ್ ರಾಜ್ಯ ಅಂತ ಇದೆಯಾ ನೋಡಿಕೊಂಡೇ ದುಡ್ಡು ಕಟ್ಟಿ.

ಹೋಟೆಲ್ ಬದಲು ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತಗೊಳ್ಳಿ. ಅಲ್ಲಿ ಇದಕ್ಕೆ ಫೆರಿಯನ್‌ವೋನುಂಗ್ ಅನ್ನುತ್ತಾರೆ. ಮನೆಯವರು ಕೆಳಗಿರುತ್ತಾರೆ, ಮೇಲಿನ ಮಹಡಿ ಬಾಡಿಗೆಗೆ ಕೊಡುತ್ತಾರೆ. ಲಿಫ್ಟ್ ಇರುವುದು ಅಪರೂಪ. ಅಮ್ಮನಿಗೆ ಮಂಡಿನೋವು ಅಂತ ಬರೆದಿದ್ದೀರಿ, ಹಾಗಾಗಿ ಎಷ್ಟನೇ ಮಹಡಿ ಅಂತ ಮೊದಲೇ ಕೇಳಿ. ಸೂಪರ್‌ಮಾರ್ಕೆಟ್‌ನಲ್ಲಿ ಬಾಸ್ಮತಿ ಅಕ್ಕಿ, ತರಕಾರಿ, ಸಕ್ಕರೆ ಹಾಕದ ಮೊಸರು ಎಲ್ಲ ಸಿಗುತ್ತದೆ. ರಾತ್ರಿ ಮೊಸರನ್ನಕ್ಕೆ ಚಿಂತೆಯಿಲ್ಲ. ತೊಗರಿಬೇಳೆ, ಸಾರಿನ ಪುಡಿ ಊರಿಂದ ತನ್ನಿ. ತುಪ್ಪ ಮಾತ್ರ ಬೇಡ, ಹಾಲಿನ ಪದಾರ್ಥ ಹೊರಗಿನಿಂದ ಯುರೋಪಿಗೆ ತರಲು ಬಿಡುವುದಿಲ್ಲ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರವೂ ಸಂಜೆಗೇ ಬಾಗಿಲು ಹಾಕುತ್ತಾರೆ. ಹೊರಗೆ ತಿನ್ನುವಾಗ ಫ್ರಿಟಾಟನ್ ಸೂಪ್ ಅನ್ನುವುದನ್ನು ಕೇಳದೆ ತಗೊಳ್ಳಬೇಡಿ. ನೋಡಲು ದೋಸೆಯನ್ನು ಸಣ್ಣಗೆ ಕತ್ತರಿಸಿ ತಿಳಿಸಾರಿಗೆ ಹಾಕಿದ ಹಾಗಿರುತ್ತದೆ, ಆದರೆ ಆ ಸಾರು ಗೋಮಾಂಸ ಬೇಯಿಸಿದ ನೀರು. ಮೊಟ್ಟೆ ನಡೆಯುತ್ತದೆ ಅಂದರೆ ಕೇಸೆಶ್ಪೆಟ್ಸ್ಲೆ ತಗೊಳ್ಳಿ, ಚೀಸ್ ಹಾಕಿದ ಬಿಸಿ ಬಿಸಿ ತಿನಿಸು, ಮಕ್ಕಳಿಗೂ ಹಿಡಿಸುತ್ತದೆ.

ಒಂದೇ ಕಡೆ ಉಳಿಯುವುದರ ದೊಡ್ಡ ಲಾಭ ಬೇರೆಯೇ ಇದೆ. ಅಲ್ಲಿ ಹವಾಮಾನ ನೋಡಿಕೊಂಡು ದಿನ ಅದಲು ಬದಲು ಮಾಡಬಹುದು. ಸೆಪ್ಟೆಂಬರ್‌ನಲ್ಲಿ ಕೆಳಗೆ ಬಿಸಿಲಿದ್ದರೂ ಗ್ರಾಸ್‌ಗ್ಲಾಕ್ನರ್ ರಸ್ತೆಯ ಮೇಲ್ಭಾಗ ಮೋಡದಲ್ಲಿ ಮುಳುಗಿರಬಹುದು, ಕೆಲವೊಮ್ಮೆ ಹಿಮ ಬಿದ್ದು ರಸ್ತೆಯನ್ನೇ ಮುಚ್ಚುತ್ತಾರೆ. ಟೋಲ್ ಕಡಿಮೆಯೇನಲ್ಲ, ಹೋಗಿ ಮಂಜು ನೋಡಿ ಬಂದರೆ ಬೇಜಾರಾಗುತ್ತದೆ. ನಾನಂತೂ ಬೆಳಗ್ಗೆ ಕಾಫಿ ಕುಡಿಯುತ್ತಾ ಆ ರಸ್ತೆಯ ವೆಬ್‌ಕ್ಯಾಮ್ ನೋಡುತ್ತೇನೆ. ಆಕಾಶ ನೀಲಿ ಇದ್ದರೆ ತಕ್ಷಣ ಹೊರಡುವುದು, ಇಲ್ಲದಿದ್ದರೆ ಅವತ್ತು ಸಾಲ್ಜ್‌ಬರ್ಗ್.

ಈ ರಸ್ತೆಗೆ ಇಡೀ ದಿನ ಕೊಡಿ. 1935ರಲ್ಲಿ ತೆರೆದದ್ದು, 48 ಕಿ.ಮೀ., 36 ಹೇರ್‌ಪಿನ್ ತಿರುವು. ಆಗುಂಬೆ, ಚಾರ್ಮಾಡಿ ಓಡಿಸಿದವರಿಗೆ ಹೆದರಿಕೆ ಆಗುವಂಥದ್ದಲ್ಲ, ರಸ್ತೆ ಅಗಲವಾಗಿದೆ. ಇಳಿಯುವಾಗ ಮಾತ್ರ ಬ್ರೇಕ್ ಒತ್ತಿಕೊಂಡೇ ಬರಬೇಡಿ, ಕಡಿಮೆ ಗೇರ್‌ನಲ್ಲಿ ಬನ್ನಿ. 2,369 ಮೀಟರ್ ಎತ್ತರದ ಕೈಸರ್ ಫ್ರಾಂಜ್ ಯೋಸೆಫ್ಸ್ ಹೋಹೆವರೆಗೂ ಕಾರು ಹೋಗುತ್ತದೆ. ಎದುರಿಗೇ 3,798 ಮೀಟರ್‌ನ ಗ್ರಾಸ್‌ಗ್ಲಾಕ್ನರ್, ಕೆಳಗೆ ಪಾಸ್ಟೆರ್ಜೆ ಹಿಮನದಿ. ಆಸ್ಟ್ರಿಯಾದಲ್ಲೇ ದೊಡ್ಡ ಹಿಮನದಿ ಅದು, ಆದರೆ ವರ್ಷದಿಂದ ವರ್ಷಕ್ಕೆ ಕರಗುತ್ತಾ ಹಿಂದೆ ಸರಿಯುತ್ತಿದೆ. ಮಗಳಿಗೆ ಅಲ್ಲಿನ ಮಾರ್ಮೊಟ್ ತೋರಿಸಿ. ಬೆಕ್ಕಿನಷ್ಟು ದಪ್ಪನೆಯ ಅಳಿಲಿನ ಜಾತಿಯ ಪ್ರಾಣಿ. ಬಂಡೆ ಸಂದಿಯಿಂದ ಎದ್ದು ನಿಂತು ಸೀಟಿ ಹೊಡೆಯುತ್ತದೆ, ಇನ್ನೊಂದು ಕಡೆಯಿಂದ ಮತ್ತೊಂದು ಉತ್ತರ ಕೊಡುತ್ತದೆ. ನನ್ನ ಅಮ್ಮ ಶಾಲು ಹೊದ್ದು ಅದನ್ನೇ ನೋಡುತ್ತಾ ಕೂತವರು ಹಿಮನದಿ ಕಡೆ ತಿರುಗಿಯೂ ನೋಡಲಿಲ್ಲ. ಎಲ್ಲರಿಗೂ ಸ್ವೆಟರ್ ಇರಲಿ.

ಹಾಲ್‌ಸ್ಟಾಟ್‌ಗೆ ಬೆಳಗ್ಗೆ ಒಂಬತ್ತರ ಒಳಗೆ ತಲುಪಿ. ಎಂಟುನೂರು ಜನವೂ ಇಲ್ಲದ ಹಳ್ಳಿ ಅದು. ಹತ್ತು ಗಂಟೆ ಆಯಿತು ಅಂದರೆ ಟೂರ್ ಬಸ್‌ಗಳು ಬಂದು ಓಣಿಯಲ್ಲಿ ಕಾಲಿಡಲೂ ಆಗುವುದಿಲ್ಲ, ಪಾರ್ಕಿಂಗೂ ತುಂಬಿರುತ್ತದೆ. ವಾಪಸ್ ಬರುವಾಗ ಗೋಸಾವ್ ಸರೋವರದಲ್ಲಿ ನಿಲ್ಲಿಸಿ. ನನ್ನ ಮಟ್ಟಿಗೆ ಹಾಲ್‌ಸ್ಟಾಟ್‌ಗಿಂತ ಅದೇ ಒಂದು ಕೈ ಮೇಲು. ಸುತ್ತಲೂ ಹೆಚ್ಚು ಏರುಪೇರಿಲ್ಲದ ದಾರಿ, ಎದುರಿಗೆ ದಾಖ್‌ಸ್ಟೈನ್ ಶಿಖರ, ಅಪ್ಪ ಅಮ್ಮ ಆರಾಮಾಗಿ ನಡೆಯಬಹುದು.

ಸಾಲ್ಜ್‌ಬರ್ಗ್‌ಗೆ ಕಾರು ಬೇಡವೇ ಬೇಡ, ಊರಿನ ಸ್ಟೇಷನ್‌ನಿಂದ ನೇರ ರೈಲಿದೆ. ಕೋಟೆಗೆ ಹಗ್ಗದ ರೈಲು ಇರುವುದರಿಂದ ಹತ್ತುವ ಕಷ್ಟವೂ ಇಲ್ಲ. ವೆರ್ಫೆನ್‌ನ ಹಿಮಗುಹೆ ಹತ್ತಿರದಲ್ಲೇ ಇದೆ, ಆದರೆ ಒಳಗೆ ನೂರಾರು ಮೆಟ್ಟಿಲು. ಅಮ್ಮನಿಗೆ ಆಗದು, ಅದನ್ನು ಬಿಡಿ. ಅದೇ ಊರಿನ ಹೋಹೆನ್‌ವೆರ್ಫೆನ್ ಕೋಟೆಯಲ್ಲಿ ಗಿಡುಗ ಹಾರಿಸುವ ಪ್ರದರ್ಶನ ಇರುತ್ತದೆ, ಅದು ಎಲ್ಲರೂ ನೋಡುವಂಥದ್ದು.

ಇನ್ಸ್‌ಬ್ರುಕ್ ಈ ಸಲ ಕೈಬಿಡಿ, ಹೋಗಲು ಬರಲು ಸೇರಿ ನಾಲ್ಕು ಗಂಟೆಗೂ ಮೇಲೆ ಕಾರಲ್ಲೇ ಹೋಗುತ್ತದೆ. ವಿಯೆನ್ನಾಗೆ ಕಾರು ಓಡಿಸಲೇಬೇಡಿ. ಅದಕ್ಕೆ ನನ್ನ ಸಲಹೆ ಹೀಗೆ: ಮ್ಯೂನಿಕ್‌ನಿಂದ ರೈಲಿನಲ್ಲಿ ಸಾಲ್ಜ್‌ಬರ್ಗ್‌ಗೆ ಬಂದು ಕಾರು ಅಲ್ಲೇ ತಗೊಳ್ಳಿ. ಐದು ದಿನ ಸುತ್ತಿ, ಅಲ್ಲೇ ಕೊಟ್ಟು, ರೈಲು ಹತ್ತಿದರೆ ಎರಡೂವರೆ ಗಂಟೆಯಲ್ಲಿ ವಿಯೆನ್ನಾ. ವಾಪಸ್ ವಿಮಾನ ಅಲ್ಲಿಂದಲೇ ಬುಕ್ ಮಾಡಿ. ಇನ್ನೊಂದು ಅನುಕೂಲ, ಆಸ್ಟ್ರಿಯಾದ ಕಾರಿಗೆ ಹೆದ್ದಾರಿ ಟೋಲ್‌ನ ವಿನ್ಯೆಟ್ ಆಗಲೇ ಇರುತ್ತದೆ. ಮ್ಯೂನಿಕ್ ಕಾರಾದರೆ ನೀವೇ ಕೊಳ್ಳಬೇಕು, ಇಲ್ಲದೆ ಸಿಕ್ಕಿಬಿದ್ದರೆ ದಂಡ ಜೋರು.

ಆಟೋಮ್ಯಾಟಿಕ್ ಕಾರು ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ. ಬಲಗಡೆ ಓಡಿಸುವುದನ್ನು ರೂಢಿ ಮಾಡಿಕೊಳ್ಳುವಾಗ ಗೇರ್ ಜೊತೆ ಗುದ್ದಾಟ ಬೇಡ. ಮಗಳಿಗೆ ಚೈಲ್ಡ್ ಸೀಟ್ ಕಡ್ಡಾಯ, ಅದನ್ನೂ ಜೊತೆಗೇ ಕೇಳಿ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್‌ಗೆ ಹೊರಡುವ ಮೊದಲೇ ಆರ್‌ಟಿಒದಲ್ಲಿ ಅರ್ಜಿ ಹಾಕಿ, ಬರುವಾಗ ಮೂಲ ಲೈಸೆನ್ಸೂ ಕೈಯಲ್ಲಿರಲಿ. ರೂಮು ನೋಡಿದ ಮೇಲೆ ಗೊಂದಲ ಇದ್ದರೆ ಲಿಂಕ್ ಇಲ್ಲೇ ಹಾಕಿ, ಸ್ಟೇಷನ್‌ಗೂ ಅಂಗಡಿಗೂ ಎಷ್ಟು ದೂರ ಅಂತ ನೋಡಿ ಹೇಳುತ್ತೇನೆ.