ಸಂಪಾದಕರ ಉತ್ತರ: ‘ಮಾಯಾಬಜಾರ್’ ಬರೀ ನಗೆಯಾಟವೇ?

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ 1957ರ ‘ಮಾಯಾಬಜಾರ್’ ಚಿತ್ರದ ಬಗ್ಗೆ ಪ್ರಕಟವಾದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ರಾಕ್ಷಸನ ಬಾಯಿಗೆ ಲಾಡುಗಳು ತಾವಾಗಿಯೇ ಹಾರಿ ಬಂದು ಬೀಳುವ ಚಿತ್ರದಲ್ಲಿ ಬದುಕಿನ ಸತ್ಯವೇನಿದೆ, ಇಂಥ ನಗೆಯಾಟಕ್ಕೆ ಗಂಭೀರ ಪತ್ರಿಕೆಯೊಂದು ಅಷ್ಟು ಪುಟಗಳನ್ನು ಕೊಡಬೇಕಿತ್ತೇ ಎಂಬುದು ತಮ್ಮ ಆಕ್ಷೇಪ. ಮೊಮ್ಮಕ್ಕಳಿಗೆ ತೋರಿಸುವುದಾದರೆ ಬಣ್ಣ ತುಂಬಿದ ಪ್ರತಿಯನ್ನೋ ಹಳೆಯದನ್ನೋ ಎಂದೂ ಕೇಳಿದ್ದೀರಿ. ಆಕ್ಷೇಪವನ್ನು ನಾನು ಒಪ್ಪಲಾರೆ. ಏಕೆಂದರೆ ಆ ಚಿತ್ರದ ಮಾಯೆಯೆಲ್ಲ ಹುಟ್ಟುವುದು ನಮಗೆಲ್ಲರಿಗೂ ಗೊತ್ತಿರುವ ಒಂದು ಮನೆಜಗಳದಿಂದ.

ವಿಜಯಾ ಸಂಸ್ಥೆಗಾಗಿ ಕೆ.ವಿ. ರೆಡ್ಡಿ ತೆಲುಗು ಮತ್ತು ತಮಿಳಿನಲ್ಲಿ ನಿರ್ದೇಶಿಸಿದ ಈ ಚಿತ್ರದ ಕಥೆ ವ್ಯಾಸಭಾರತದಲ್ಲಿಲ್ಲ. ಬಲರಾಮನ ಮಗಳಿಗೂ ಅಭಿಮನ್ಯುವಿಗೂ ಘಟೋತ್ಕಚನ ನೆರವಿನಿಂದ ನಡೆಯುವ ಈ ಮದುವೆಯನ್ನು ಜನರೇ ಕಟ್ಟಿಕೊಂಡರು. ನಮ್ಮ ಯಕ್ಷಗಾನದ ‘ಕನಕಾಂಗಿ ಕಲ್ಯಾಣ’ ಪ್ರಸಂಗದ್ದೂ ಇದೇ ಕಥೆ, ಅಲ್ಲಿನ ಕನಕಾಂಗಿಯೇ ಇಲ್ಲಿ ಶಶಿರೇಖೆ. ಚಿಕ್ಕಂದಿನಲ್ಲಿಯೇ ಮಾತಾಗಿದ್ದ ಸಂಬಂಧವದು. ಪಾಂಡವರು ಜೂಜಿನಲ್ಲಿ ರಾಜ್ಯ ಕಳೆದುಕೊಂಡ ಮೇಲೆ, ಮಗನೊಡನೆ ಅಣ್ಣನ ಮನೆಯಲ್ಲಿರುವ ಸುಭದ್ರೆಯ ಬಗ್ಗೆ ಅತ್ತಿಗೆ ರೇವತಿಯ ಧಾಟಿ ಬದಲಾಗುತ್ತದೆ, ದುರ್ಯೋಧನನ ಮಗ ಲಕ್ಷ್ಮಣಕುಮಾರನೇ ತಕ್ಕ ವರನೆನಿಸುತ್ತಾನೆ. ಸಿರಿಯಿದ್ದಾಗ ತಾವೇ ಮುಂದಾಗಿ ಕೊಟ್ಟ ಮಾತನ್ನು ಬಡತನ ಬಂದಾಗ ಮರೆತುಬಿಡುವ ನೆಂಟರು ಯಾವ ಊರಿನಲ್ಲಿಲ್ಲ? ಮಹಾಭಾರತದ ಕಥೆಯೆಂದು ಹೇಳಿಕೊಂಡರೂ ಈ ಚಿತ್ರದಲ್ಲಿ ಪಾಂಡವರು ಒಮ್ಮೆಯೂ ತೆರೆಯ ಮೇಲೆ ಬರುವುದಿಲ್ಲ. ಅವರ ಬಡತನ ಮಾತ್ರ ಬಂದು ಎಲ್ಲರ ನಡತೆಯನ್ನೂ ಪರೀಕ್ಷಿಸುತ್ತದೆ.

ಇಲ್ಲಿನ ಮಾಯೆಗೂ ಒಂದು ಕಟ್ಟುಪಾಡಿದೆ. ‘ಪ್ರಿಯದರ್ಶಿನಿ’ ಎಂಬ ಪೆಟ್ಟಿಗೆ ತೆರೆದವರ ಮನಸ್ಸಿನಲ್ಲಿ ಇರುವವರನ್ನೇ ಎದುರಿಗೆ ತಂದು ನಿಲ್ಲಿಸುತ್ತದೆ. ಶಶಿರೇಖೆಗೆ ಅಭಿಮನ್ಯು ಕಾಣುತ್ತಾನೆ, ಬಲರಾಮನಿಗೆ ದುರ್ಯೋಧನ, ಕೃಷ್ಣನಿಗೆ ಶಕುನಿ. ಮೂವರ ಒಳಗನ್ನೂ ಒಂದು ಆಟಿಕೆಯಿಂದ ತೋರಿಸಿಬಿಡುವ ಈ ಜಾಣ್ಮೆ ಪಿಂಗಳಿ ನಾಗೇಂದ್ರರಾವ್ ಅವರ ಬರವಣಿಗೆಯದು. ಕೊನೆಯಲ್ಲಿ, ಮೇಲೆ ನಿಂತವರ ಬಾಯಿಂದ ನಿಜವನ್ನೇ ಆಡಿಸುವ ಸತ್ಯಪೀಠದ ಮೇಲೆ ಕಾಲಿಟ್ಟ ಶಕುನಿ ತನ್ನ ಕಪಟವನ್ನೆಲ್ಲ ತಾನೇ ಒದರಿಬಿಡುತ್ತಾನೆ. ಸತ್ಯವೇನಿದೆ ಎಂದು ಕೇಳಿದಿರಲ್ಲ, ಈ ಚಿತ್ರದಲ್ಲಿ ಮಾಯೆಗಿರುವ ಮುಖ್ಯ ಕೆಲಸವೇ ಜನರ ಬಾಯಿಂದ ಮತ್ತು ಮುಖದಿಂದ ಸತ್ಯವನ್ನು ಹೊರಡಿಸುವುದು.

ಇನ್ನು ಶಶಿರೇಖೆಯ ಪಾತ್ರದಲ್ಲಿ ಸಾವಿತ್ರಿಯವರ ಅಭಿನಯ. ನಿಜವಾದ ಶಶಿರೇಖೆಯನ್ನು ದ್ವಾರಕೆಯಿಂದ ಸಾಗಿಸಿದ ಘಟೋತ್ಕಚ ತಾನೇ ಅವಳ ರೂಪ ತಾಳಿ ಅರಮನೆ ಸೇರುತ್ತಾನೆ. ಅಲ್ಲಿಂದ ಮುಂದೆ ಸಾವಿತ್ರಿ ಕೋಮಲೆಯಾದ ಮದುಮಗಳೂ ಹೌದು, ಆ ಮದುಮಗಳ ಒಳಗೆ ಅಡಗಿ ಕುಳಿತ ಎಸ್.ವಿ. ರಂಗರಾವ್ ಅವರ ಭಾರೀ ರಾಕ್ಷಸನೂ ಹೌದು. ಯಾರಾದರೂ ನೋಡುತ್ತಿದ್ದರೆ ನಾಚಿಕೆ, ಯಾರೂ ಇಲ್ಲದಾಗ ಎದೆಯುಬ್ಬಿಸಿದ ಗಂಡುನಡಿಗೆ. ಮದುವೆಯ ಸಡಗರದ ಹಾಡಿನಲ್ಲಿ ಪಿ. ಸುಶೀಲಾ ಅವರ ದನಿಯ ನಡುವೆ ಘಂಟಸಾಲರ ದನಿ ತಟ್ಟನೆ ಹೊರಬಿದ್ದಾಗ, ಮರೆತು ಮೈಬಿಟ್ಟ ರಾಕ್ಷಸ ಮರುಕ್ಷಣವೇ ಹೆಣ್ಣಾಗಬೇಕು. ಆ ಬದಲಾವಣೆಯನ್ನು ಸಾವಿತ್ರಿ ಹುಬ್ಬು, ಭುಜ ಮತ್ತು ಹೆಜ್ಜೆಗಳಿಂದಲೇ ಸಾಧಿಸುತ್ತಾರೆ. ಕ್ಯಾಮೆರಾ ತಂತ್ರ ಎಷ್ಟೇ ದೊಡ್ಡದಿರಲಿ, ಇಲ್ಲಿ ಮಾಯೆ ನಡೆಯುವುದು ನಟಿಯೊಬ್ಬರ ಮೈಯಲ್ಲಿ. ಎಲ್ಲಿಯೂ ಅವರು ಪ್ರೇಕ್ಷಕರ ಕಡೆ ತಿರುಗಿ ‘ಇದೆಲ್ಲ ತಮಾಷೆ’ ಎಂಬಂತೆ ನಟಿಸುವುದಿಲ್ಲ. ಅಸಂಭವವಾದದ್ದನ್ನು ಪೂರ್ಣ ಶ್ರದ್ಧೆಯಿಂದ ಅಭಿನಯಿಸಿದ್ದರಿಂದಲೇ ಈ ನಗೆ ಇಂದಿಗೂ ಹಳತಾಗಿಲ್ಲ. ಗಂಭೀರ ಪಾತ್ರಗಳಿಗೆ ನಾವು ಸಲ್ಲಿಸುವ ಗೌರವವನ್ನು ಇಂಥ ಅಭಿನಯಕ್ಕೆ ಸಲ್ಲಿಸುವುದಿಲ್ಲವೆಂಬುದು ನನ್ನ ಬಹುದಿನದ ಕೊರಗು.

ಮಕ್ಕಳಿಗೆ ತೋರಿಸಬಹುದೇ ಎಂಬ ಅಳುಕು ಬೇಡ. ರೇಲಂಗಿಯವರ ಲಕ್ಷ್ಮಣಕುಮಾರ ತನ್ನ ಅಂದಚೆಂದಕ್ಕೆ ತಾನೇ ಮರುಳಾದವನು. ಮಂಟಪದಲ್ಲಿ ಮಾಯಾ ವಧು ಅವನ ಕಾಲನ್ನು ತುಳಿಯುತ್ತಾಳೆ, ಅವನಿಗೆ ದಕ್ಕುವ ದೊಡ್ಡ ಶಿಕ್ಷೆಯೆಂದರೆ ಇಂಥದ್ದೇ. ಕುರುಕ್ಷೇತ್ರದ ರಕ್ತ ಗೊತ್ತಿರುವ ಜನ, ಅದೇ ಪಾತ್ರಗಳಿಗೆ ಯಾರೂ ಸಾಯದ ಒಂದು ಮದುವೆಮನೆಯನ್ನು ಕಲ್ಪಿಸಿಕೊಂಡರೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಬಂದವರು ಅವಮಾನಿತರಾಗಿ ಮರಳುತ್ತಾರೆ, ಜೀವಸಹಿತ ಮರಳುತ್ತಾರೆ.

ಪ್ರತಿಯ ವಿಷಯ. ಬಣ್ಣ ತುಂಬಿದ ಆವೃತ್ತಿ 2010ರಲ್ಲಿ ತೆರೆಕಂಡಿತು, ಚಿಕ್ಕವರನ್ನು ಅದು ಬೇಗ ಸೆಳೆಯಬಹುದು. ಆದರೂ ಕಪ್ಪುಬಿಳುಪನ್ನೇ ತೋರಿಸಿರಿ. ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲೆ ಬೆಳ್ದಿಂಗಳ ದೋಣಿವಿಹಾರವನ್ನು ಬರೀ ಬೆಳಕು ನೆರಳುಗಳ ಲೆಕ್ಕಾಚಾರದಿಂದ ಕಟ್ಟಿದ್ದಾರೆ, ಮೇಲೆ ಬಳಿದ ಬಣ್ಣ ಆ ಲೆಕ್ಕವನ್ನು ಕೆಡಿಸುತ್ತದೆ. ತೆಲುಗು ಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿದ್ದು ಅಲ್ಲಲ್ಲಿ ಮಾತು ಬಿಡಿಸಿ ಹೇಳಿದರೆ ಸಾಕು. ಸಾವಿತ್ರಿಯವರ ದೃಶ್ಯಗಳಿಗಂತೂ ಅದರ ಅಗತ್ಯವೂ ಬೀಳದು.

— ಸಂಪಾದಕ