ನಿಂತ ಕಾರಿಗೆ 38 ಸಾವಿರದ ಎಸ್ಟಿಮೇಟ್: ವಾಹನ ಪ್ರಶ್ನೋತ್ತರ

ಪ್ರಶ್ನೆ: ನಮ್ಮದು 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಓಡಿರುವುದು 31,000 ಕಿ.ಮೀ. ಮಾತ್ರ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎಂಟು ತಿಂಗಳು ನಿಂತೇ ಇತ್ತು. ಸ್ಟಾರ್ಟ್ ಆಗದೆ ಗ್ಯಾರೇಜಿಗೆ ಎಳೆಸಿದರೆ 38,000 ರೂಪಾಯಿ ಎಸ್ಟಿಮೇಟ್ ಕೊಟ್ಟಿದ್ದಾರೆ. ಬ್ಯಾಟರಿ, ನಾಲ್ಕು ಟೈರ್, ಮುಂದಿನ ಬ್ರೇಕ್ ಡಿಸ್ಕ್ ಮತ್ತು ಪ್ಯಾಡ್, ಟ್ಯಾಂಕ್ ಕ್ಲೀನಿಂಗ್, ಇಂಜೆಕ್ಟರ್ ಕ್ಲೀನಿಂಗ್, ಎಂಜಿನ್ ಫ್ಲಶ್, ಎ.ಸಿ. ಗ್ಯಾಸ್. ಓಡಿಸದ ಕಾರಿಗೆ ಇಷ್ಟು ಕೆಲಸ ಬರುತ್ತದೆಯೇ?
– ಓದುಗರು, ಮೈಸೂರು

ಉತ್ತರ: ಒಂದಷ್ಟು ಕೆಲಸ ಖಂಡಿತ ಬರುತ್ತದೆ, ಆದರೆ ಈ ಪಟ್ಟಿಯಷ್ಟಲ್ಲ. ಇದರ ಒಂದೊಂದು ಸಾಲಿಗೂ ಒಂದೊಂದು ಅಳತೆ ಇದೆ. ಒಪ್ಪಿಗೆ ಕೊಡುವ ಮೊದಲು ಆ ಅಳತೆಯನ್ನು ನಿಮ್ಮ ಕಣ್ಣೆದುರೇ ತೆಗೆಯಲು ಹೇಳಿ.

ಬ್ಯಾಟರಿಯ ಮಾತು ಬಹುಶಃ ನಿಜ. ಬೀಗ ಹಾಕಿ ನಿಲ್ಲಿಸಿದ ಕಾರಿನಲ್ಲೂ ಗಡಿಯಾರ, ಅಲಾರಂ, ಕಂಪ್ಯೂಟರ್‌ಗಳು ಸದ್ದಿಲ್ಲದೆ ಕರೆಂಟ್ ಎಳೆಯುತ್ತಲೇ ಇರುತ್ತವೆ. ಅದು 50 ಮಿಲಿಆಂಪ್ ಇದ್ದರೂ ದಿನಕ್ಕೆ 1.2 ಆಂಪಿಯರ್-ಅವರ್ ಆಯಿತು. ಚಿಕ್ಕ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಆ ಲೆಕ್ಕದಲ್ಲಿ ಒಂದು ತಿಂಗಳಲ್ಲಿ ಬರಿದು. ಬರಿದಾದ ಬ್ಯಾಟರಿ ತಿಂಗಳುಗಟ್ಟಲೆ ಹಾಗೇ ಉಳಿದರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ, ಆಮೇಲೆ ಅದು ಚಾರ್ಜ್ ಹಿಡಿಯುವುದಿಲ್ಲ. ಆದರೂ ಒಮ್ಮೆ ಪರೀಕ್ಷಿಸಿ. 3–4 ಆಂಪಿಯರ್‌ನಲ್ಲಿ ಹತ್ತು-ಹನ್ನೆರಡು ಗಂಟೆ ನಿಧಾನ ಚಾರ್ಜ್ ಮಾಡಿಸಿ, ಚಾರ್ಜರ್ ಕಿತ್ತು ಒಂದು ರಾತ್ರಿ ಬಿಟ್ಟು ವೋಲ್ಟೇಜ್ ನೋಡಿ. 12.6 ಇದ್ದರೆ ತುಂಬಿದೆ. 12.2ಕ್ಕಿಂತ ಕೆಳಗೆ ಜಾರಿದ್ದರೆ ಅಥವಾ ಸೆಲ್ಫ್ ಹೊಡೆಯುವಾಗ 9.6 ವೋಲ್ಟ್‌ಗಿಂತ ಕುಸಿದರೆ ಹೊಸದೇ ಬೇಕು. ಹಳೆಯದನ್ನು ಅಂಗಡಿಗೆ ಕೊಟ್ಟರೆ ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ, ಅದನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ.

ಟೈರಿನ ವಿಷಯದಲ್ಲಿ ಗ್ಯಾರೇಜಿನವರ ಸಲಹೆ ಸರಿಯಿರಬಹುದು, ಕಾರಣ ಮಾತ್ರ ಬೇರೆ. ಒಂದೇ ಜಾಗದಲ್ಲಿ ನಿಂತು ಚಪ್ಪಟೆಯಾದ ಟೈರು 20–30 ಕಿ.ಮೀ. ಓಡಿ ಬಿಸಿಯಾದರೆ ಸಾಮಾನ್ಯವಾಗಿ ಮತ್ತೆ ಉರುಟಾಗುತ್ತದೆ. ಆದರೆ ಗಾಳಿಯೇ ಇಲ್ಲದೆ ನಿಂತಿದ್ದರೆ ಒಳಗಿನ ದಾರಗಳಿಗೆ ಪೆಟ್ಟಾಗಿರುತ್ತದೆ, ಅದನ್ನು ಬಳಸಬಾರದು. ಟೈರಿನ ಪಕ್ಕದಲ್ಲಿ ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2317 ಎಂದಿದ್ದರೆ 2017ರ 23ನೇ ವಾರದಲ್ಲಿ ತಯಾರಾದದ್ದು. ಕಾರಿನ ಜೊತೆಗೇ ಬಂದ ಟೈರುಗಳಾದರೆ ಮೇಲ್ಮೈಯ ಗೆರೆಗಳು ಎಷ್ಟೇ ಆಳವಿರಲಿ, ರಬ್ಬರಿಗೆ ವಯಸ್ಸಾಗಿದೆ. ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಚರ್ಚೆ ಬೇಡ, ಬದಲಿಸಿ. ಸ್ಟೆಪ್ನಿಯ ಅಂಕಿಯನ್ನೂ ನೋಡಿ, ಅದಕ್ಕೂ ಅಷ್ಟೇ ವಯಸ್ಸಾಗಿರುತ್ತದೆ.

ಡಿಸ್ಕಿನ ಮೇಲಿನ ಕಂದು ತುಕ್ಕು ನೋಡಿ ಗಾಬರಿಯಾಗಬೇಡಿ. ಡಿಸ್ಕ್ ಬರಿಯ ಎರಕದ ಕಬ್ಬಿಣ, ಒಂದು ಮಳೆಗೇ ತುಕ್ಕು ಬರುತ್ತದೆ. ಐದಾರು ಕಿ.ಮೀ. ಹದವಾಗಿ ಬ್ರೇಕ್ ಒತ್ತುತ್ತಾ ಓಡಿಸಿದರೆ ಪ್ಯಾಡುಗಳೇ ಅದನ್ನು ಉಜ್ಜಿ ತೆಗೆಯುತ್ತವೆ. ಡಿಸ್ಕಿನ ಕನಿಷ್ಠ ದಪ್ಪ ಎಷ್ಟೆಂದು ಸಾಮಾನ್ಯವಾಗಿ ಅದರ ಅಂಚಿನಲ್ಲೇ ಅಚ್ಚಾಗಿರುತ್ತದೆ. ಅದಕ್ಕಿಂತ ಸವೆದಿದ್ದರೆ, ಪ್ಯಾಡ್ ಕೂತ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಕುಳಿ ಬಿದ್ದಿದ್ದರೆ ಅಥವಾ ಬ್ರೇಕ್ ಒತ್ತಿದಾಗ ಪೆಡಲ್ ನಡುಗಿದರೆ ಬದಲಿಸಬೇಕು. ಪ್ಯಾಡ್ 3 ಮಿ.ಮೀ.ಗೆ ಇಳಿಯುವವರೆಗೆ ಇಟ್ಟುಕೊಳ್ಳಬಹುದು.

ನಮಗೆ ಬೇಸರವಾದದ್ದು ಆ ಪಟ್ಟಿಯಲ್ಲಿ ಇಲ್ಲದ ಕೆಲಸಗಳನ್ನು ಕಂಡು. ನಿಂತ ಕಾರಿನಲ್ಲಿ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಜಾರುವ ಪಿನ್ನುಗಳು ಹಿಡಿದುಕೊಳ್ಳುತ್ತವೆ. ಅವನ್ನು ಕಳಚಿ, ತೊಳೆದು, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಬೇಕು. ಹಿಂದಿನ ಡ್ರಮ್ ಬಿಚ್ಚಿ ಒಳಗಿನ ಸಿಲಿಂಡರ್ ಸೋರುತ್ತಿದೆಯೇ ನೋಡಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಗುಣದ್ದು, ಓಡಲಿ ಬಿಡಲಿ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಡಾಟ್ 3 ದರ್ಜೆಯ ಬ್ರೇಕ್ ಆಯಿಲಿನ ಕುದಿಬಿಂದು ಹೊಸದಿರುವಾಗ ಕನಿಷ್ಠ 205 ಡಿಗ್ರಿ ಇರಬೇಕು. ತೇವ ಹೀರಿದ ಮೇಲೆ ಅದು 140ರ ಆಸುಪಾಸಿಗೆ ಇಳಿಯಬಹುದು. ಚಾರ್ಮಾಡಿ ಅಥವಾ ಆಗುಂಬೆ ಇಳಿಯುವಾಗ ಬಿಸಿಯಾದ ಆಯಿಲ್ ಕುದಿದು ಗುಳ್ಳೆ ಕಟ್ಟಿದರೆ ಪೆಡಲ್ ಸೀದಾ ನೆಲ ಮುಟ್ಟುತ್ತದೆ. ಒಂದು ಲೀಟರಿನೊಳಗೆ ಮುಗಿಯುವ ಈ ಕೆಲಸವನ್ನು ಬಿಟ್ಟು ಡಿಸ್ಕ್ ಬದಲಿಸುವುದು ತಪ್ಪು.

ಟ್ಯಾಂಕ್ ಇಳಿಸುವ ಮೊದಲು ಕಾಲು ಲೀಟರ್ ಪೆಟ್ರೋಲನ್ನು ಪಾರದರ್ಶಕ ಬಾಟಲಿಗೆ ತೆಗೆಸಿ, ಅರ್ಧ ಗಂಟೆ ಅಲುಗಾಡಿಸದೆ ಇಡಿ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರನ್ನು ಹೀರುತ್ತದೆ, ಮಿತಿ ಮೀರಿದರೆ ನೀರಿನೊಂದಿಗೆ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಪಂಪ್ ಹೀರುವುದು ಆ ತಳದಿಂದಲೇ. ಬಾಟಲಿಯಲ್ಲಿ ಎರಡು ಪದರ ಕಂಡರೆ, ಮಂಕಾಗಿದ್ದರೆ ಅಥವಾ ವಾರ್ನಿಶ್ ವಾಸನೆ ಬಂದರೆ ಟ್ಯಾಂಕ್ ಖಾಲಿ ಮಾಡಿಸಿ. ತಿಳಿಯಾಗಿದ್ದರೆ 10–15 ಲೀಟರ್ ಹೊಸ ಪೆಟ್ರೋಲ್ ಸಾಕು. ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿನ ವಿಚಾರ ಅದಾದ ಮೇಲೆ. ಎಂಜಿನ್ ತಡವರಿಸಿ, ಸ್ಕ್ಯಾನರಿನಲ್ಲಿ ಮಿಸ್‌ಫೈರ್ (ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂಬ) ಕೋಡ್ ಬಂದರೆ ಮಾತ್ರ ಮಾಡಿಸಿ.

ರಾಸಾಯನಿಕ ಹಾಕಿ ಎಂಜಿನ್ನಿನ ಒಳಗನ್ನು ತೊಳೆಯುವ ಎಂಜಿನ್ ಫ್ಲಶ್ ಬೇಡವೆನ್ನಿ. ಕದಡಿದ ಗಸಿ ಆಯಿಲ್ ಪಂಪಿನ ಜಾಲರಿಯಲ್ಲಿ ಸಿಕ್ಕಿಕೊಳ್ಳುವ ಅಪಾಯ ಅದರಲ್ಲಿದೆ. ಆಯಿಲ್ ಮತ್ತು ಫಿಲ್ಟರ್ ಬದಲಿಸಿದರೆ ಸಾಕು. ಎ.ಸಿ.ಯಲ್ಲಿ ಮೊದಲು ಕ್ಯಾಬಿನ್ ಫಿಲ್ಟರ್ ತೆಗೆದು ನೋಡಲಿ, ಆಮೇಲೆ ಗೇಜ್ ಹಾಕಿ ಒತ್ತಡ ಅಳೆಯಲಿ. ಗ್ಯಾಸ್ ಕಡಿಮೆಯಾಗಿದ್ದರೆ ಎಲ್ಲಿಂದ ಸೋರಿತು ಎಂಬ ಉತ್ತರ ಸಿಗದೆ ತುಂಬಿಸಬೇಡಿ. ತೆಗೆದ ಹಳೆಯ ಬಿಡಿಭಾಗಗಳನ್ನೆಲ್ಲ ವಾಪಸ್ ಕೇಳಿ ಪಡೆಯಿರಿ.

ಪ್ರಶ್ನೆ: ವರ್ಷಕ್ಕೆ 2,400 ಕಿ.ಮೀ. ಮಾತ್ರ ಓಡಿಸುತ್ತೇನೆ. ಆಯಿಲ್ ಬದಲಾವಣೆ 10,000 ಕಿ.ಮೀ.ಗೆ ಎಂದು ಪುಸ್ತಕದಲ್ಲಿದೆ. ಅಂದರೆ ನಾಲ್ಕು ವರ್ಷ ಬಿಡಬಹುದಲ್ಲವೇ?
– ಓದುಗರು, ದಾವಣಗೆರೆ

ಉತ್ತರ: ಬಿಡಬಾರದು. ಅದೇ ಸಾಲಿನಲ್ಲಿ ‘ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂದಿರುತ್ತದೆ. ತಣ್ಣನೆಯ ಎಂಜಿನ್ನಿನ ಚಿಕ್ಕ ಓಡಾಟದಲ್ಲಿ ಪೆಟ್ರೋಲ್ ಮತ್ತು ನೀರಾವಿ ಆಯಿಲಿಗೆ ಸೇರುತ್ತವೆ, ಅವು ಆವಿಯಾಗಿ ಹೋಗುವಷ್ಟು ಬಿಸಿ ಬರುವುದೇ ಇಲ್ಲ. ಕೂಲೆಂಟ್ ಮತ್ತು ಟೈಮಿಂಗ್ ಬೆಲ್ಟಿಗೂ ಹೀಗೇ ವರ್ಷದ ಮಿತಿ ಬರೆದಿರುತ್ತದೆ. ಬೆಲ್ಟ್ ತುಂಡಾದರೆ ಅನೇಕ ಎಂಜಿನ್ನುಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ.

ಪ್ರಶ್ನೆ: ಮಗ ಊರಲ್ಲಿಲ್ಲ. ಅವನ ಕಾರನ್ನು ದಿನಾ ಬೆಳಿಗ್ಗೆ ಐದು ನಿಮಿಷ ನಿಂತಲ್ಲೇ ಸ್ಟಾರ್ಟ್ ಮಾಡಿ ಇಡುತ್ತೇವೆ. ಆದರೂ ಬ್ಯಾಟರಿ ಹೋಯಿತು, ಈಗ ಸೈಲೆನ್ಸರ್ ತೂತಾಗಿದೆ. ಎಲ್ಲಿ ತಪ್ಪಿದೆವು?
– ಓದುಗರು, ಕುಂದಾಪುರ

ಉತ್ತರ: ಆ ಐದು ನಿಮಿಷದಲ್ಲೇ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಸೈಲೆನ್ಸರ್ ಬಿಸಿಯಾಗಿದ್ದರೆ ಅದು ಹಬೆಯಾಗಿ ಹೊರಹೋಗುತ್ತದೆ. ಐದು ನಿಮಿಷದಲ್ಲಿ ಸೈಲೆನ್ಸರಿನ ಹಿಂಭಾಗ ಬಿಸಿಯಾಗುವುದಿಲ್ಲ, ಹಬೆ ಒಳಗೇ ನೀರಾಗಿ ನಿಲ್ಲುತ್ತದೆ. ನಿಮ್ಮಲ್ಲಿ ಹೊರಗಿನಿಂದ ಕಡಲ ಉಪ್ಪುಗಾಳಿಯೂ ಇದೆ, ಹಾಗಾಗಿ ತಗಡು ಎರಡೂ ಕಡೆಯಿಂದ ಕರಗಿದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ, ಮಜ್ಜಿಗೆ ಬಣ್ಣದ ಕೆನೆ ಕಟ್ಟಿದ್ದರೆ ಅದೂ ಅದೇ ನೀರು. ಐಡಲಿಂಗಿನಲ್ಲಿ ಆಲ್ಟರ್ನೇಟರ್ ಕೊಡುವ ಕರೆಂಟೂ ಕಡಿಮೆ, ದಿನವಿಡೀ ಸೋರಿದ ಚಾರ್ಜನ್ನು ಐದು ನಿಮಿಷದಲ್ಲಿ ಮರಳಿಸಲು ಅದಕ್ಕಾಗದು.

ಹತ್ತು ದಿನಕ್ಕೊಮ್ಮೆ 30–40 ನಿಮಿಷ, ಸುಮಾರು 20–25 ಕಿ.ಮೀ. ಓಡಿಸಿ. ಅದರಲ್ಲಿ ಹತ್ತು ನಿಮಿಷ ಎ.ಸಿ. ಹಾಕಿದರೆ ಕಂಪ್ರೆಸರಿನ ಸೀಲಿಗೆ ಎಣ್ಣೆ ಸಿಗುತ್ತದೆ. ಓಡಿಸುವವರೇ ಇಲ್ಲದಿದ್ದರೆ ಸ್ಟಾರ್ಟ್ ಮಾಡುವುದನ್ನೇ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿಡಿ. ಪ್ಲಾಸ್ಟಿಕ್ ಟಾರ್ಪಾಲು ಹೊದಿಸಬೇಡಿ, ಒಳಗೆ ಬೆವರು ಕಟ್ಟುತ್ತದೆ. ಗಾಳಿಯಾಡುವ ಬಟ್ಟೆಯ ಕವರ್ ಇರಲಿ. ಬಾಗಿಲುಗಳ ತಳದ ಅಂಚಿನಲ್ಲಿ ನೀರು ಹರಿಯುವ ಸಣ್ಣ ರಂಧ್ರಗಳಿರುತ್ತವೆ, ಕಸ ತುಂಬಿದ್ದರೆ ಕಡ್ಡಿಯಿಂದ ಬಿಡಿಸಿ. ತಳಕ್ಕೆ ಕೋಟಿಂಗ್ ಹೊಡೆಸುವುದಾದರೆ ಇರುವ ತುಕ್ಕನ್ನು ಕೆರೆದು ಒಣಗಿಸಿದ ಮೇಲಷ್ಟೇ. ತುಕ್ಕಿನ ಮೇಲೆಯೇ ಬಳಿದರೆ ತೇವ ಒಳಗೆ ಉಳಿದು ತಗಡನ್ನು ಕಾಣದಂತೆ ತಿನ್ನುತ್ತದೆ.

ಪ್ರಶ್ನೆ: ತೋಟದ ಮನೆಯ ಶೆಡ್ಡಿನಲ್ಲಿದ್ದ ಕಾರಿನ ವೈರುಗಳನ್ನು ಇಲಿ ಮೂರು ಕಡೆ ಕಡಿದಿದೆ. ಎಂಜಿನ್ನಿನ ಪೂರ್ತಿ ಹಾರ್ನೆಸ್ (ವೈರುಗಳ ಕಟ್ಟು) ಬದಲಿಸಬೇಕು, 22,000 ಎಂದರು. ವಿಮೆ ಕ್ಲೇಮ್ ಮಾಡಲೇ?
– ಓದುಗರು, ಸಾಗರ

ಉತ್ತರ: ಮೊದಲು ಕಡಿದಿರುವುದು ಯಾವ ವೈರು ಎಂದು ತಿಳಿಯಿರಿ. ದೀಪ, ಹಾರ್ನ್, ಸಾಮಾನ್ಯ ಸೆನ್ಸರಿನ ವೈರಾದರೆ ಅದೇ ದಪ್ಪದ ತುಂಡು ಸೇರಿಸಿ, ಬೆಸುಗೆ ಹಾಕಿ, ಒಳಗೆ ಅಂಟು ಬಳಿದಿರುವ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್-ಶ್ರಿಂಕ್ ಕೊಳವೆ ಹೊದಿಸಿದರೆ ವರ್ಷಗಟ್ಟಲೆ ಬಾಳುತ್ತದೆ. ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ಎಂಜಿನ್ ಬಿಸಿಗೆ ಬಿಚ್ಚಿಕೊಳ್ಳುತ್ತದೆ. ಏರ್‌ಬ್ಯಾಗಿನ ಹಳದಿ ವೈರು ಅಥವಾ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ನೋಡುವ ಎಬಿಎಸ್ ವೈರು ಕಡಿದಿದ್ದರೆ ಮಾತ್ರ ತೇಪೆ ಬೇಡ.

ಕ್ಲೇಮಿಗೆ ಲೆಕ್ಕ ಹಾಕಬೇಕು. 1,500 ಸಿಸಿವರೆಗಿನ ಕಾರಿಗೆ 1,000 ರೂ., ಅದಕ್ಕೂ ದೊಡ್ಡದಕ್ಕೆ 2,000 ರೂ. ಕಡ್ಡಾಯವಾಗಿ ನಿಮ್ಮ ಕೈಯಿಂದ ಹೋಗುತ್ತದೆ. ದೊಡ್ಡ ನಷ್ಟ ನೋ ಕ್ಲೇಮ್ ಬೋನಸ್ಸಿನದು, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯದು. ನಿಮಗೆ ಈಗ 50 ಶೇಕಡಾ ಇದೆ ಎಂದಿಟ್ಟುಕೊಳ್ಳಿ. ಒಂದು ಕ್ಲೇಮಿಗೆ ಅದು ಸೊನ್ನೆಯಾಗಿ, ಮತ್ತೆ 20, 25, 35, 45 ಎಂದು ಹತ್ತಿ 50ಕ್ಕೆ ಬರಬೇಕು. ಆ ವರ್ಷಗಳಲ್ಲಿ ಕೈತಪ್ಪುವ ರಿಯಾಯಿತಿ 50, 30, 25, 15, 5, ಒಟ್ಟು 125 ಶೇಕಡಾ. ಸ್ವಂತ ಹಾನಿಯ ಪ್ರೀಮಿಯಂ ಬೋನಸ್ಸಿಗೆ ಮುಂಚೆ 8,000 ರೂ. ಇದ್ದರೆ ನಷ್ಟ 10,000 ರೂಪಾಯಿವರೆಗೆ. ಕಾರಿನ ವಿಮಾ ಮೌಲ್ಯ ಇಳಿದಂತೆ ಇದೂ ಸ್ವಲ್ಪ ಇಳಿಯುತ್ತದೆ. ಹಾರ್ನೆಸ್ ನಿಜಕ್ಕೂ ಬದಲಾಗಬೇಕಾದರೆ ಕ್ಲೇಮ್ ಲಾಭ, ಮೂರು ವೈರು ಬೆಸೆಯುವುದಾದರೆ ಕೈಯಿಂದಲೇ ಕೊಡುವುದು ಲಾಭ. ಬೋನಸ್ ಕಾಯುವ ಆಡ್-ಆನ್ ಇದ್ದರೆ ಈ ಲೆಕ್ಕ ಬದಲಾಗುತ್ತದೆ. ಇಲಿ ಕಡಿತ ನಿಮ್ಮ ಪಾಲಿಸಿಗೆ ಸೇರುತ್ತದೆಯೇ ಎಂದು ಕೇಳಿ ಬರವಣಿಗೆಯಲ್ಲಿ ಪಡೆಯಿರಿ. ವಿಮಾ ಕಂಪನಿಯ ಸರ್ವೇಯರ್ ನೋಡುವ ಮೊದಲು ಏನನ್ನೂ ಬಿಚ್ಚಿಸಬೇಡಿ.

ಇಲಿಯ ಗೂಡು ತೆಗೆಯುವಾಗ ಕೈಗವಸು, ಮಾಸ್ಕ್ ಹಾಕಿಕೊಳ್ಳಿ, ಮಲೆನಾಡಿನಲ್ಲಿ ಇಲಿಜ್ವರದ ಭಯ ಸುಳ್ಳಲ್ಲ. ಪಾಷಾಣ ಇಡಬೇಡಿ, ಇಲಿ ಬ್ಲೋವರಿನ ಕೊಳವೆಯೊಳಗೆ ಸತ್ತರೆ ಡ್ಯಾಶ್‌ಬೋರ್ಡೇ ಬಿಚ್ಚಬೇಕಾಗುತ್ತದೆ. ನುಸಿಗುಳಿಗೆಯ ಘಾಟು ಎ.ಸಿ. ಮೂಲಕ ಕ್ಯಾಬಿನ್ನಿಗೆ ಬರುತ್ತದೆ, ಅದೂ ಬೇಡ. ಶೆಡ್ಡಿನಿಂದ ಅಡಿಕೆ, ಭತ್ತ, ಹಿಂಡಿಯ ಮೂಟೆಗಳನ್ನು ಹೊರಗಿಡಿ. ರಾತ್ರಿ ಬಾನೆಟ್ ಎತ್ತಿಟ್ಟರೆ ಇಲಿಗೆ ಬೆಚ್ಚನೆಯ ಕತ್ತಲು ಸಿಗದು. ಗಾಳಿ ಒಳಬರುವ ಬಾಯಿಗಳಿಗೆ 6 ಮಿ.ಮೀ. ಕಣ್ಣಿನ ಕಬ್ಬಿಣದ ಜಾಲರಿ ಹಾಕಬಹುದು, ಬೆಲ್ಟು ಮತ್ತು ಫ್ಯಾನಿಗೆ ತಾಗದಂತೆ.

ಪ್ರಶ್ನೆ: ಅಮೆರಿಕದ ಮಗಳ ಮನೆಗೆ ಆರು ತಿಂಗಳು ಹೋಗುತ್ತಿದ್ದೇವೆ. ಕಾರನ್ನು ಹೇಗೆ ಇಟ್ಟು ಹೋಗಬೇಕು?
– ಓದುಗರು, ಬೆಂಗಳೂರು

ಉತ್ತರ: ಹೊರಡುವ ವಾರ ಆಯಿಲ್, ಫಿಲ್ಟರ್ ಬದಲಿಸಿ. ಹಳೆಯ ಆಯಿಲಿನಲ್ಲಿರುವ ಆಮ್ಲ ಬೇರಿಂಗಿನ ಮೇಲೆ ಆರು ತಿಂಗಳು ಕೂರುವುದು ಬೇಡ. ಟ್ಯಾಂಕ್ ತುಂಬಿಸಿ, ಒಳಗೆ ಗಾಳಿ ಕಡಿಮೆಯಿದ್ದಷ್ಟೂ ತೇವ ಕಡಿಮೆ. ತೊಳೆಸಿದ ಮೇಲೆ 20 ಕಿ.ಮೀ. ಓಡಿಸಿ ಬ್ರೇಕ್ ಒಣಗಿಸಿ. ಮನೆ ತಲುಪುವ ಹತ್ತು ನಿಮಿಷ ಮೊದಲು ಎ.ಸಿ. ಆರಿಸಿ ಫ್ಯಾನ್ ಮಾತ್ರ ಓಡಿಸಿದರೆ ಒಳಗಿನ ಕಾಯಿಲ್ ಒಣಗುತ್ತದೆ, ಬೂಷ್ಟು ಹಿಡಿಯುವುದಿಲ್ಲ. ಟೈರಿಗೆ ಮಾಮೂಲಿಗಿಂತ 5 ಪಿಎಸ್ಐ ಹೆಚ್ಚು ಗಾಳಿ, ಟೈರಿನ ಮೇಲೆ ಬರೆದ ಗರಿಷ್ಠ ಮಿತಿಯೊಳಗೆ. ಸಮತಟ್ಟು ಜಾಗದಲ್ಲಿ ಒಂದನೇ ಗೇರಿಗೆ ಹಾಕಿ, ಚಕ್ರದ ಎರಡೂ ಬದಿಗೆ ಮರದ ಅಡೆ ಕೊಟ್ಟು ಹ್ಯಾಂಡ್‌ಬ್ರೇಕ್ ಬಿಡಿ. ಎಳೆದಿಟ್ಟರೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಕೊನೆಗೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ ಬಟ್ಟೆ ಸುತ್ತಿಡಿ. ರಿಮೋಟ್ ಕೆಲಸ ಮಾಡುವುದಿಲ್ಲವಾದ್ದರಿಂದ, ಕೀಲಿಯಿಂದಲೇ ಬಾಗಿಲು ತೆರೆಯುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ.

ವಿಮೆಯ ಅವಧಿ ನಡುವೆ ಮುಗಿಯುವುದಾದರೆ ಹೋಗುವ ಮುನ್ನವೇ ನವೀಕರಿಸಿ. ಮುಗಿದು 90 ದಿನ ಕಳೆದರೆ ಕೂಡಿಟ್ಟ ಬೋನಸ್ ಪೂರ್ತಿ ಹೋಗುತ್ತದೆ.

ಮರಳಿದ ದಿನವೇ ಕೀಲಿ ತಿರುಗಿಸಬೇಡಿ. ಏರ್ ಫಿಲ್ಟರಿನ ಡಬ್ಬಿ ತೆರೆದು ಗೂಡಿದೆಯೇ ನೋಡಿ, ಆಯಿಲ್, ಕೂಲೆಂಟ್ ಮಟ್ಟ ನೋಡಿ. ಬ್ಯಾಟರಿ ಜೋಡಿಸಿ, ಫ್ಯೂಯಲ್ ಪಂಪಿನ ಫ್ಯೂಸ್ ತೆಗೆದು, ಅರ್ಧ ನಿಮಿಷದ ಬಿಡುವಿನಲ್ಲಿ ಮೂರು ಬಾರಿ ಐದೈದು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಒಣಗಿದ ಬೇರಿಂಗುಗಳಿಗೆ ಆಯಿಲ್ ತಲುಪುತ್ತದೆ. ಆಮೇಲೆ ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ. ಕೆಲವೇ ಸೆಕೆಂಡಿನಲ್ಲಿ ಆಯಿಲ್ ದೀಪ ಆರದಿದ್ದರೆ ಕೂಡಲೇ ಆಫ್ ಮಾಡಿ.

ಪ್ರಶ್ನೆ: ನನ್ನದು ಬಿಎಸ್ 6 ಡೀಸೆಲ್ ಗಾಡಿ. ಕಚೇರಿಗೆ 3 ಕಿ.ಮೀ. ಬಿಟ್ಟರೆ ಓಡಾಟವಿಲ್ಲ. ಡಿಪಿಎಫ್ ದೀಪ ಹತ್ತಿದೆ.
– ಓದುಗರು, ಧಾರವಾಡ

ಉತ್ತರ: ಡಿಪಿಎಫ್ ಎಂದರೆ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಅದರಲ್ಲಿ ಮಸಿ ತುಂಬಿದೆ. ಆ ಮಸಿ ಉರಿದುಹೋಗಲು ಬೇಕಾದ ಬಿಸಿ 3 ಕಿ.ಮೀ.ನಲ್ಲಿ ಬರುವುದಿಲ್ಲ. ದೀಪ ಬರೀ ಹತ್ತಿದ್ದರೆ ಹುಬ್ಬಳ್ಳಿ–ಬೆಳಗಾವಿ ಹೆದ್ದಾರಿಯಲ್ಲಿ ಒಂದು ಗೇರ್ ಕೆಳಗಿಟ್ಟು, 2,000 ಆರ್‌ಪಿಎಂ ಮೇಲೆ, 60–80ರ ವೇಗದಲ್ಲಿ 20–25 ನಿಮಿಷ ನಿಲ್ಲಿಸದೆ ಓಡಿಸಿ. ನಡುವೆ ಎಂಜಿನ್ ಆಫ್ ಮಾಡಬೇಡಿ. ದೀಪ ಮಿನುಗುತ್ತಿದ್ದರೆ ಅಥವಾ ಗಾಡಿ ಎಳೆಯದಿದ್ದರೆ ಹೆದ್ದಾರಿಯಲ್ಲಿ ಓಡಿಸಲು ಹೋಗದೆ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಒಯ್ಯಿರಿ. ಜೊತೆಗೆ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮಟ್ಟ ಗರಿಷ್ಠ ಗೆರೆ ದಾಟಿದ್ದರೆ, ಅರ್ಧಕ್ಕೇ ನಿಂತ ಸುಡುವಿಕೆಗಳಲ್ಲಿ ಉಳಿದ ಡೀಸೆಲ್ ಅದರೊಳಗೆ ಇಳಿದಿದೆ. ಆಗ ಆಯಿಲ್ ಬದಲಿಸಿದ ಮೇಲೆಯೇ ಹೆದ್ದಾರಿಗೆ ಹೋಗಿ. ಹೊಸದಾಗಿ ಹಾಕುವ ಆಯಿಲ್ ಡಿಪಿಎಫ್‌ಗೆ ಹೊಂದುವ, ಬೂದಿ ಕಡಿಮೆ ಬಿಡುವ ದರ್ಜೆಯದೇ ಆಗಿರಬೇಕು.